ಬೋಳು ತಲೆಯಿಂದ ಸೊಂಟದವರೆಗೆ

ನನ್ನ ತಲೆ ಬೋಳಿಸಿದಾಗ ನನಗೆ ಇಪ್ಪತ್ತೊಂದು ವರ್ಷ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ದಾವಣಗೆರೆ ಹತ್ತಿರದ ನಮ್ಮ ಊರಿನಲ್ಲಿ ಟೈಫಾಯಿಡ್ ಬಂದು ತಿಂಗಳುಗಟ್ಟಲೆ ಮಲಗಿದ್ದೆ. ಜ್ವರ ಬಿಟ್ಟು ಎರಡು ತಿಂಗಳಾಗುವ ಹೊತ್ತಿಗೆ ಕೂದಲು ಉದುರತೊಡಗಿತು. ದಿಂಬಿನ ಮೇಲೆ, ರವಿಕೆಯ ಬೆನ್ನಿಗೆ, ಊಟದ ತಟ್ಟೆಯಲ್ಲಿ, ಎಲ್ಲಿ ನೋಡಿದರೂ ಅದೇ. ಅತ್ತಿಗೆ ಗುಡಿಸಿ ಗುಡಿಸಿ ಸಾಕಾಗಿ, "ಹಿಂಗ ಅಲ್ಲೊಂದು ಇಲ್ಲೊಂದು ಇರೋದಕ್ಕಿಂತ ಪೂರಾ ತೆಗ್ಸಿಬಿಡು. ಹೊಸದು ದಟ್ಟಕ ಬರ್ತತಿ," ಎಂದಳು. ಹಿತ್ತಲಲ್ಲಿ ಮಣೆ ಹಾಕಿ ಕೂರಿಸಿದರು. ಅವ್ವ ತೀರಿಕೊಂಡು ಆಗಲೇ ಐದು ವರ್ಷವಾಗಿತ್ತು. ಕೆಲಸ ಮುಗಿಯುವವರೆಗೂ ಅಣ್ಣ ಬೀದಿಯ ಕಡೆ ಮುಖ ಮಾಡಿ ನಿಂತಿದ್ದ.

ಜ್ವರಕ್ಕೆ ಮುಂಚೆ ನನಗೊಂದು ಸಂಬಂಧ ಹೆಚ್ಚುಕಡಿಮೆ ನಿಶ್ಚಯವಾಗಿತ್ತು. ಹುಡುಗ ಪಕ್ಕದ ಊರಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಎರಡು ಸಲ ಬಂದಿದ್ದ, ಎರಡು ಸಲವೂ ನನ್ನನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ನಮ್ಮ ಮನೆಯ ಗೋಡೆ ಗಡಿಯಾರವನ್ನು ನೋಡಿದ್ದ. ತಲೆ ಬೋಳಿಸಿದ ವಾರಕ್ಕೆ ಅವನ ತಾಯಿ ಆರೋಗ್ಯ ವಿಚಾರಿಸಲೆಂದು ಬಂದರು. ನಾನು ಸೆರಗು ಹೊದ್ದು ಕೂತಿದ್ದೆ. ಅವರು ಎದ್ದು ಬಂದು ಸೆರಗನ್ನು ತಾವೇ ಸರಿಸಿ ನೋಡಿದರು, ಮತ್ತೆ ಹೊದಿಸಿದರು. ಕೊಟ್ಟ ಕಾಫಿ ಅರ್ಧ ಉಳಿಯಿತು. "ಕೂದ್ಲು ಬರ್ಲಿ ಬಿಡ್ರಿ. ಆಮೇಲೆ ಕುಂತು ಮಾತಾಡಾಣ," ಎಂದು ಅಣ್ಣನಿಗೆ ಹೇಳಿ ಹೊರಟರು. ಆಮೇಲೆ ಆ ಕಡೆಯಿಂದ ಒಂದು ಕಾರ್ಡೂ ಬರಲಿಲ್ಲ.

ಊರಲ್ಲಿ ತಲೆ ತಗ್ಗಿಸಿ ಓಡಾಡುವುದು ಕಷ್ಟವಾಯಿತು. ಅಣ್ಣನ ಸ್ನೇಹಿತರೊಬ್ಬರು ಬೆಂಗಳೂರಿನಲ್ಲಿ, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಇದ್ದರು. ಅಲ್ಲಿ ತಾಮ್ರದ ತಂತಿಯ ಕಾಯಿಲ್ ಸುತ್ತಲು ಹೆಣ್ಣುಮಕ್ಕಳು ಬೇಕೆಂದು ಹೇಳಿ ಕಳಿಸಿದಾಗ ನಾನೇ ಹೋಗುತ್ತೇನೆಂದೆ. ಯಾರೂ ತಡೆಯಲಿಲ್ಲ. ತಡೆಯಲಿ ಎಂದು ಒಳಗೊಳಗೇ ಕಾದಿದ್ದೆನೆಂದು ಬಸ್ಸು ಹೊರಟ ಮೇಲೆ ತಿಳಿಯಿತು.

ವಿಜಯನಗರದಲ್ಲಿ ಮಹಡಿಯ ಮೇಲೆ ಒಂದು ರೂಮು ಸಿಕ್ಕಿತು. ಸಿಮೆಂಟು ಶೀಟಿನ ಮಾಡು, ಎದುರಿಗೆ ಬಿಸಿಲು ಬೀಳುವ ತಾರಸಿ. ಕೆಳಗಡೆ ಮನೆಯ ಒಡತಿ ಮತ್ತು ಅವರ ಕೊನೆಯ ಮಗ. ಬೀದಿಯವರೆಲ್ಲ ಅವರನ್ನು ಓನರಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ಅಲ್ಲಿಯವರೇ. ಬಡಾವಣೆ ಬರುವ ಮುಂಚೆ ಅದೇ ಜಾಗದಲ್ಲಿ ರಾಗಿ ಬೆಳೆದವರು. ಅರವತ್ತು ದಾಟಿದ್ದ ಗಟ್ಟಿ ಹೆಂಗಸು. ತಲೆಯ ಹಿಂದೆ ತೆಂಗಿನಕಾಯಿಯಷ್ಟು ದಪ್ಪದ ತುರುಬು. ಮೊದಲ ದಿನ ನನ್ನ ಕಣ್ಣು ಹೋದದ್ದೇ ಅಲ್ಲಿಗೆ, ಅವರ ಕಣ್ಣು ಬಿದ್ದದ್ದು ನನ್ನ ತಲೆಗೆ ಕಟ್ಟಿದ್ದ ಸ್ಕಾರ್ಫಿನ ಮೇಲೆ.

"ತಿರುಪತಿಗೆ ಹೋಗಿದ್ಯೇನಮ್ಮ?"

ಅವರೇ ದಾರಿ ತೋರಿಸಿಕೊಟ್ಟಂತಾಯಿತು. ನಾನು ಹೂಂ ಎಂದೆ.

ಅವರು ನನ್ನ ಹಣೆಯ ವಿಭೂತಿ ನೋಡಿದರು. "ನೀವು ಲಿಂಗ ಕಟ್ಟೋರಲ್ವಾ? ತಿಮ್ಮಪ್ಪಂಗೆ ಮುಡಿ ಕೊಟ್ರಾ?"

"ಎಲ್ಲಾ ದೇವ್ರೂ ಒಂದೇ ಅಲ್ಲೇನ್ರಿ," ಎಂದೆ.

"ಅದೂ ಸರಿ ಅನ್ನು. ಪ್ರಸಾದ ಎಲ್ಲಿ?"

ಬರುವ ದಾರಿಯಲ್ಲಿ ಖಾಲಿಯಾಯಿತೆಂದೆ. ಅವರು ಮತ್ತೇನೂ ಕೇಳದೆ ಬೀಗದ ಕೈ ಕೊಟ್ಟರು. ಆ ಸುಳ್ಳು ಬೀದಿಯ ತುಂಬ ಓಡಾಡಿತು. ನಲ್ಲಿಯ ಹತ್ತಿರ ಹೆಂಗಸರು "ಏನು ಹರಕೆ ಇತ್ತು?" ಎಂದು ಕೇಳುತ್ತಿದ್ದರು. ಕೆಲಸ ಸಿಗಲೆಂದು ಹರಸಿಕೊಂಡಿದ್ದೆ ಎನ್ನುತ್ತಿದ್ದೆ. "ಸಿಕ್ತಲ್ಲ ನೋಡು!" ಎಂದು ಒಬ್ಬಾಕೆ ಕೈಮುಗಿದಾಗ ನಾಚಿಕೆಯಿಂದ ಕೊಡವನ್ನು ತುಂಬುವ ಮೊದಲೇ ಎತ್ತಿಕೊಂಡು ಬಂದಿದ್ದೆ.

ಕಾರ್ಖಾನೆಯಲ್ಲಿ ನಾವು ಹದಿನಾಲ್ಕು ಜನ ಹೆಂಗಸರು, ಎರಡು ಸಾಲಿನಲ್ಲಿ. ಎದುರಿಗೆ ಕೈಯಿಂದ ತಿರುಗಿಸುವ ಮಿಷನ್ನು. ಕೂದಲಿಗಿಂತ ಸಣ್ಣನೆಯ ತಾಮ್ರದ ತಂತಿಯನ್ನು ಸಾವಿರ ಸುತ್ತು, ಎರಡು ಸಾವಿರ ಸುತ್ತು ಎಣಿಸಿ ಸುತ್ತಬೇಕು. ಎಣಿಕೆ ತಪ್ಪುತ್ತದೆಂದು ಮಾತಾಡುವಂತಿರಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ತಮಿಳು, ತೆಲುಗು, ಕನ್ನಡ ಕಲಸಿ ಮಾತಾಡುತ್ತಿದ್ದರು. ನಾನು ಒಮ್ಮೆ "ಉಪ್ಪು ಐತೇನ್ರಿ?" ಎಂದಾಗ ನಮ್ಮ ಕಡೆಯ ಮಾತಿನ ಧಾಟಿಗೆ ಸಾಲಿನ ಕೊನೆಯವರೆಗೆ ನಕ್ಕರು. ಕೆಟ್ಟ ಮನಸ್ಸಿನಿಂದೇನಲ್ಲ. ಆದರೆ ಅಂದಿನಿಂದ ನಾನು ಡಬ್ಬಿ ಮುಚ್ಚಳ ತೆಗೆದು ತಿಂದು ಮುಚ್ಚಿಡುವುದನ್ನು ಕಲಿತೆ. ಇಡೀ ದಿನದಲ್ಲಿ ನಾನು ಬಾಯಿಬಿಟ್ಟು ಆಡಿದ ಮಾತು ಕಂಡಕ್ಟರಿಗೆ ಹೇಳಿದ "ವಿಜಯನಗರ ಒಂದು" ಎಂಬುದಷ್ಟೇ ಆದ ದಿನಗಳು ಎಷ್ಟೋ ಇದ್ದವು. ರೂಮಿಗೆ ಬಂದು ಕೆಮ್ಮಿ ನೋಡಿಕೊಳ್ಳುತ್ತಿದ್ದೆ, ದನಿ ಇದೆಯೇ ಎಂದು.

ಮೂರನೇ ತಿಂಗಳಲ್ಲಿ ಒಂದು ಭಾನುವಾರ ತಾರಸಿಯಲ್ಲಿ ಸ್ಕಾರ್ಫು ಬಿಚ್ಚಿ ಕೂತಿದ್ದೆ. ಓನರಮ್ಮ ಸಂಡಿಗೆ ಒಣಹಾಕಲು ಮೇಲೆ ಬಂದರು. ಮುಚ್ಚಿಕೊಳ್ಳುವಷ್ಟರಲ್ಲಿ ಅವರು ನೋಡಿಯಾಗಿತ್ತು. ಕೂದಲು ಒಂದು ಕಡೆ ಬೆರಳುದ್ದ ಬೆಳೆದಿತ್ತು, ಕಿವಿಯ ಮೇಲೆ ಬರೀ ನುಣುಪು.

"ತಿಮ್ಮಪ್ಪನ ಹತ್ರ ಬೋಳಿಸಿದ್ದು ಹಿಂಗೆ ತೇಪೆ ತೇಪೆ ಬೆಳೆಯಲ್ಲ ಕಣಮ್ಮ," ಎಂದರು. "ಜ್ವರಾನಾ?"

ನಾನು ತಲೆಯಾಡಿಸಿದೆ. ಅಲ್ಲಿಂದ ಎಲ್ಲವೂ ಹೊರಬಂತು. ಟೈಫಾಯಿಡು, ಮೇಷ್ಟ್ರ ತಾಯಿ, ಅರ್ಧ ಉಳಿದ ಕಾಫಿ. ನಾನು ಅಳಲಿಲ್ಲ. ಅಷ್ಟೊಂದು ಮಾತು ಒಟ್ಟಿಗೆ ಆಡಿ ಗಂಟಲು ನೋಯುತ್ತಿತ್ತು. ಅವರು ಸಂಡಿಗೆಯ ತಟ್ಟೆ ಕೆಳಗಿಟ್ಟು, ಮೆಟ್ಟಿಲ ಮೇಲೆ ಕೂತು ಕೇಳಿದರು. ಕೊನೆಗೆ, "ಬರುತ್ತೆ ಬಿಡು. ಆದ್ರೆ ಸುಮ್ನೆ ಬಿಟ್ರೆ ಬರಲ್ಲ. ನಾನು ಹೇಳಿದಂಗೆ ಮಾಡ್ತೀಯಾ?" ಎಂದರು.

ಅವರಿಗೆ ಮೂವರೂ ಗಂಡುಮಕ್ಕಳು. ತಮಗೆ ಗೊತ್ತಿದ್ದದ್ದನ್ನು ಹೇಳಿಕೊಡಲು ಅವರಿಗೂ ಯಾರೂ ಸಿಕ್ಕಿರಲಿಲ್ಲವೆಂದು ತೋರುತ್ತದೆ.

ಮೊದಲ ಪಾಠ ಗರುಗದ ಸೊಪ್ಪಿನದು. ಅದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಮೂಡಲಪಾಳ್ಯದ ಕಡೆ ಆಗಿನ್ನೂ ಹೊಲಗಳಿದ್ದವು, ಬಾವಿಗಳಿದ್ದವು, ಕಾಲುವೆಯ ಒದ್ದೆ ಬದುಗಳಿದ್ದವು. ಬಿಳಿ ಹೂವಿನದು ತರಬೇಕು, ಹಳದಿಯದಲ್ಲ, ಎಲೆ ಅಂಗೈಯಲ್ಲಿ ಹೊಸಕಿದರೆ ಕಪ್ಪಗಾಗಬೇಕು ಎಂದು ಹೇಳಿ ಕಳಿಸಿದರು. ನಾನು ಪ್ರತಿ ತಿಂಗಳು ಒಂದು ಭಾನುವಾರ ಬಟ್ಟೆ ಚೀಲ ಹಿಡಿದು ಅಲ್ಲಿಗೆ ನಡೆದು ಹೋಗುತ್ತಿದ್ದೆ. ಬದುವಿನ ಮೇಲೆ ಸೊಪ್ಪು ಬಿಡಿಸುತ್ತ ಕೂರುವುದು ನನಗೆ ಇಷ್ಟವಾಗಿತ್ತು. ಅಲ್ಲಿ ಒಬ್ಬಳೇ ಇರುವುದಕ್ಕೆ ಒಂದು ಕಾರಣವಿತ್ತು. ರೂಮಿನಲ್ಲಿ ಒಬ್ಬಳೇ ಇರುವುದಕ್ಕೆ ಕಾರಣ ಇರಲಿಲ್ಲ.

ಸೊಪ್ಪನ್ನು ಅರೆದು ರಸ ಹಿಂಡಿ, ಕೊಬ್ಬರಿ ಎಣ್ಣೆಗೆ ಹಾಕಿ, ಜೊತೆಗೆ ನೆನೆಸಿ ರುಬ್ಬಿದ ಮೆಂತ್ಯ, ಒಂದು ಹಿಡಿ ಕರಿಬೇವು, ನಾಲ್ಕು ಕೆಂಪು ದಾಸವಾಳ. ಸೀಮೆಎಣ್ಣೆ ಸ್ಟವ್ವಿನ ಸಣ್ಣ ಉರಿಯಲ್ಲಿ ಚಟಪಟ ಸದ್ದು ನಿಲ್ಲುವವರೆಗೂ ಕಾಯಿಸಬೇಕು. ಸದ್ದು ನಿಂತಿತೆಂದರೆ ನೀರಿನಂಶ ಹೋಯಿತೆಂದು ಅರ್ಥ. ಮೊದಲ ಸಲ ಅವಸರ ಮಾಡಿ ಇಳಿಸಿದ್ದಕ್ಕೆ ಹತ್ತು ದಿನದಲ್ಲಿ ಬೂಸ್ಟು ಹಿಡಿಯಿತು. ಓನರಮ್ಮ ಬಾಟಲಿ ಮೂಸಿ ನೋಡಿ, "ಇದನ್ನ ಬಾಗ್ಲು ಕೀಲಿಗೆ ಹಾಕು," ಎಂದು ವಾಪಸು ಕೊಟ್ಟರು.

ಸೀಗೆಕಾಯಿಗೂ ಕ್ರಮವಿತ್ತು. ಕಾಯಿಯನ್ನು ತಾರಸಿಯಲ್ಲಿ ನಾಲ್ಕು ದಿನ ಒಣಗಿಸಿ, ಹೆಸರುಕಾಳು, ಮೆಂತ್ಯ, ಒಣಗಿದ ನಿಂಬೆ ಸಿಪ್ಪೆ, ನೆಲ್ಲಿಚೆಟ್ಟು ಸೇರಿಸಿ ಗಿರಣಿಗೆ ಒಯ್ಯಬೇಕು. ಗಿರಣಿಯವನು ಅದಕ್ಕೆಂದೇ ಒಂದು ಹಳೇ ಮಿಷನ್ನು ಇಟ್ಟಿದ್ದ. ಅದು ಶುರುವಾದರೆ ರಾಗಿ ಹಿಟ್ಟಿಗೆ ನಿಂತವರೂ ಸೀನುತ್ತಿದ್ದರು. ಶನಿವಾರ ಸಂಜೆ ಎಣ್ಣೆ, ಭಾನುವಾರ ಬೆಳಿಗ್ಗೆ ಹೊಟ್ಟಿನ ಒಲೆಯಲ್ಲಿ ಕಾದ ನೀರಿನ ಸ್ನಾನ. ಒದ್ದೆ ಕೂದಲಿಗೆ ಬಾಚಣಿಗೆ ಮುಟ್ಟಿಸಬಾರದು. ಒಣಗಿದ ಮೇಲೆ ತುದಿಯಿಂದ ಶುರುಮಾಡಿ ಮೇಲಕ್ಕೆ ಬಾಚಬೇಕು. ಆರು ತಿಂಗಳಿಗೊಮ್ಮೆ ಉಗುರಿನಷ್ಟು ತುದಿ ಕತ್ತರಿಸಬೇಕು. ಮಲಗುವಾಗ ಸಡಿಲವಾಗಿ ಹೆಣೆಯಬೇಕು.

"ಬರೀ ಹಚ್ಕೊಂಡ್ರೆ ಸಾಲ್ದು. ಸೊಪ್ಪು, ಕಾಳು ತಿನ್ನು. ಕಾಫಿ ಬನ್ನು ತಿಂದ್ಕೊಂಡಿದ್ರೆ ಕೂದ್ಲು ಎಲ್ಲಿಂದ ಬರ್ಬೇಕು?" ಎಂದು ಅವರು ನನ್ನ ಅಡುಗೆಯ ಮೇಲೂ ಕಣ್ಣಿಟ್ಟಿದ್ದರು. ಒಬ್ಬಳಿಗೋಸ್ಕರ ಸಾರು ಮಾಡುವುದನ್ನು ನಾನು ಬಿಟ್ಟಿದ್ದೆ. ಕೂದಲಿಗೋಸ್ಕರ ಮತ್ತೆ ಶುರುಮಾಡಿದೆ.

ಹೀಗೆ ಇಷ್ಟೆಲ್ಲ ಹೇಳಿಕೊಟ್ಟ ಓನರಮ್ಮ ಒಂದು ದಿನವೂ ನನ್ನ ತಲೆ ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ಕೂತುಕೊಂಡೇ, "ಉಗುರಲ್ಲಿ ಅಲ್ಲ, ಬೆರಳ ತುದೀಲಿ. ಕಿವಿ ಹಿಂದೆ ಬಿಟ್ಟೆ ನೋಡು. ಇನ್ನೂ ಕೆಳಗೆ, ಕತ್ತಿನ ಹತ್ರ," ಎಂದು ಹೇಳುತ್ತಿದ್ದರು. ನಾನು ಅವರು ಹೇಳಿದಲ್ಲೆಲ್ಲ ಬೆರಳಾಡಿಸುತ್ತಿದ್ದೆ. ತಲೆಯ ಹಿಂಭಾಗಕ್ಕೆ ಎಣ್ಣೆ ತಿಕ್ಕುತ್ತ ತಿಕ್ಕುತ್ತ ತೋಳು ಸೋತುಹೋಗುತ್ತಿತ್ತು. ತನ್ನ ತಲೆಗೆ ತಾನೇ ಎಣ್ಣೆ ಹಚ್ಚಿಕೊಳ್ಳುವುದರಲ್ಲಿ ಒಂದು ಕೊರತೆ ಇದೆ. ಬೆರಳು ಮುಂದೆ ಎಲ್ಲಿಗೆ ಹೋಗುತ್ತದೆಂದು ತಲೆಗೆ ಮೊದಲೇ ಗೊತ್ತಿರುತ್ತದೆ. ಅವ್ವನ ಕೈ ಹಾಗಿರಲಿಲ್ಲ. ಅವಳು ಯಾರೊಡನೆಯೋ ಮಾತಾಡುತ್ತ, ಮಧ್ಯೆ ಮರೆತು, ಮತ್ತೆ ನೆನಪಾಗಿ ಎಲ್ಲಿಂದಲೋ ಶುರುಮಾಡುತ್ತಿದ್ದಳು. ಕಣ್ಣು ಮುಚ್ಚಿ ಕಾಯುವುದೇ ಒಂದು ಸುಖವಾಗಿತ್ತು.

ಭಾನುವಾರ ತಾರಸಿಯಲ್ಲಿ ತಲೆ ಒಣಗಿಸುವಾಗ ಸುತ್ತಲಿನ ತಾರಸಿಗಳೆಲ್ಲ ಕಾಣುತ್ತಿದ್ದವು. ಎದುರು ಮನೆಯಲ್ಲಿ ಅಜ್ಜಿ, ಅವಳ ಮುಂದೆ ಮಗಳು, ಮಗಳ ಮುಂದೆ ಮೊಮ್ಮಗಳು ಮೂವರೂ ಸಾಲಾಗಿ ಕೂತು ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು. ಆ ಚಿಕ್ಕ ಹುಡುಗಿ ನೋವಾಗುತ್ತದೆಂದು ಕಿರುಚುತ್ತಿದ್ದಳು. ಎಷ್ಟು ಅದೃಷ್ಟವಂತೆ ಎಂದುಕೊಂಡು ನಾನು ಬೆನ್ನು ತಿರುಗಿಸಿ ಕೂರುತ್ತಿದ್ದೆ.

ಕೂದಲು ಮಾತ್ರ ಬಂತು. ಮೊದಲು ಗುಂಗುರಾಗಿ, ಹಟಮಾರಿಯಾಗಿ, ಯಾವ ಪಿನ್ನಿಗೂ ಬಗ್ಗದೆ. ಆಮೇಲೆ ಕಿವಿ ಮುಚ್ಚಿತು, ಭುಜ ಮುಟ್ಟಿತು. ನಾನು ಗೇಣಿನಿಂದ ಅಳೆಯುತ್ತಿದ್ದೆ. ಜ್ವರಕ್ಕೆ ಮುಂಚೆ ಇದ್ದದ್ದಕ್ಕಿಂತ ದಟ್ಟವಾಗಿತ್ತು, ಎಣ್ಣೆಯ ಕಪ್ಪು ಮೈಗೂಡಿ ಹೊಳೆಯುತ್ತಿತ್ತು. ಮೂರನೆಯ ವರ್ಷ ಮುಗಿಯುವಾಗ ಬೆನ್ನು ದಾಟಿ ಸೊಂಟದ ಹತ್ತಿರ ಬಂದಿತ್ತು. ಕಾರ್ಖಾನೆಯಲ್ಲಿ ಅದನ್ನು ತುರುಬು ಕಟ್ಟಿ ಬಟ್ಟೆಯೊಳಗೆ ಮುಚ್ಚಬೇಕಾಗಿತ್ತು. ರೂಮಿನಲ್ಲಿ ನೋಡುವವರಿರಲಿಲ್ಲ. ಬಿಚ್ಚಿ ಹರವಿಕೊಂಡು ಕನ್ನಡಿಯ ಮುಂದೆ ನಿಂತರೆ, ಹಬ್ಬಕ್ಕೆ ಸಿಂಗರಿಸಿಕೊಂಡು ಯಾರೂ ಕರೆಯದೆ ಕೂತವಳ ಹಾಗೆ ಕಾಣುತ್ತಿದ್ದೆ.

ಆಗ ಅಣ್ಣನ ಕಾಗದ ಬಂತು. ಅದೇ ಮೇಷ್ಟ್ರ ಮನೆಯವರು ಮತ್ತೆ ಕೇಳಿದ್ದಾರೆ, ಹುಡುಗನಿಗೆ ಇನ್ನೂ ಮದುವೆಯಾಗಿಲ್ಲ, ಬೆಂಗಳೂರಿಗೇ ಬಂದು ನೋಡುತ್ತಾರಂತೆ, ನಾನೂ ಬರುತ್ತೇನೆ ಎಂದು ಬರೆದಿದ್ದ. "ಕೂದಲು ಚೆನ್ನಾಗಿ ಬಂದಿದೆ ಎಂದು ತಿಳಿಸಿದ್ದೇನೆ" ಎಂಬುದು ಕೊನೆಯ ಸಾಲು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಅವರು ಬರುವ ಮುಂಚಿನ ಶನಿವಾರ ಎಣ್ಣೆಯನ್ನು ಎಂದಿಗಿಂತ ಹೆಚ್ಚು ಹೊತ್ತು ತಿಕ್ಕಿದೆ. ಸ್ನಾನದ ಮೇಲೆ ಸಾಂಬ್ರಾಣಿ ಹೊಗೆ ಹಿಡಿದೆ. ಓನರಮ್ಮ ಕೆಳಗಿನಿಂದ ತಮ್ಮ ಕುರ್ಚಿಗಳನ್ನು ಕಳಿಸಿಕೊಟ್ಟರು, ಮಲ್ಲಿಗೆ ಕಳಿಸಿಕೊಟ್ಟರು.

ತಾಯಿ, ಮಗ, ನಮ್ಮಣ್ಣ ಮೂವರೇ ಬಂದರು. ಕಾಫಿ ಕೊಟ್ಟು ನಾನು ತಿರುಗಿದೆನೋ ಇಲ್ಲವೋ, ಹಿಂದಿನಿಂದ ಜಡೆ ಯಾರೋ ಹಿಡಿದಂತಾಯಿತು. ಆ ತಾಯಿ ಎದ್ದು ಬಂದಿದ್ದರು. ಜಡೆಯನ್ನು ಕೈಯಲ್ಲಿ ತೂಗಿ ನೋಡಿದರು, ಬುಡದವರೆಗೆ ಬೆರಳು ಆಡಿಸಿದರು, ಆಮೇಲೆ ಒಮ್ಮೆ ಜಗ್ಗಿದರು. ಮೆಲ್ಲಗೇನಲ್ಲ, ಕತ್ತು ಹಿಂದಕ್ಕೆ ವಾಲುವಷ್ಟು.

"ಚೌರಿ ಹಾಕಿಲ್ಲ ಹೌದಿಲ್ಲೋ? ಈಗೀಗ ಗೊತ್ತಾಗಂಗಿಲ್ಲ ನೋಡ್ರಿ," ಎಂದು ನಮ್ಮಣ್ಣನ ಕಡೆ ನಕ್ಕರು. ಅಣ್ಣನೂ ನಕ್ಕ.

ಮೂರು ವರ್ಷದಲ್ಲಿ ನನ್ನ ತಲೆಯನ್ನು ಮುಟ್ಟಿದ ಮೊದಲ ಕೈ ಅದು. ನಾನು ಅಡುಗೆ ಮೂಲೆಗೆ ಹೋಗಿ ಸ್ಟವ್ವಿನ ಪಕ್ಕ ಗೋಡೆ ಹಿಡಿದು ನಿಂತೆ. ಬೆನ್ನ ಹಿಂದೆ ಅವರು ಕಾರ್ತೀಕದಲ್ಲಿ ನಿಶ್ಚಿತಾರ್ಥ ಇಟ್ಟುಕೊಳ್ಳುವ ಮಾತಾಡುತ್ತಿದ್ದರು. ಕಾಫಿ ಲೋಟ ಈ ಸಲ ಪೂರ್ತಿ ಖಾಲಿಯಾಗಿತ್ತು.

ಹುಡುಗ ಗಾಳಿಗೆಂದು ತಾರಸಿಗೆ ಬಂದ. ಮೂರು ವರ್ಷಕ್ಕೆ ಅವನ ಹಣೆಯೂ ಅಗಲವಾಗಿತ್ತು. ಅಡುಗೆ ಮೂಲೆಯ ಕಿಟಕಿಯ ಹತ್ತಿರ ನಿಂತು, "ನಂಗ ಆವಾಗ್ಲೂ ಒಪ್ಪಿಗಿ ಇತ್ತು. ಅವ್ವ ಬ್ಯಾಡ ಅಂದ್ಲು," ಎಂದ. ಒಳ್ಳೆಯ ಮಾತನ್ನೇ ಹೇಳುತ್ತಿದ್ದೇನೆಂದು ಅವನಿಗೆ ಅನಿಸಿತ್ತು.

"ಒಂದು ಕಾಗದ ಬರೀಬಹುದಿತ್ತಲ್ರಿ," ಎಂದೆ.

ಅವನು ಕಿಟಕಿಯ ಸರಳು ಹಿಡಿದು, ಮತ್ತೆ ಕೈ ತೆಗೆದ.

"ಮತ್ತೆ ನಂಗೆ ಜ್ವರ ಬಂದ್ರೆ?"

"ಹಂಗ್ಯಾಕ ಅಂತೀರಿ, ಬಿಡ್ರಿ," ಎಂದ. ನಾನು ಇನ್ನೂ ಸ್ವಲ್ಪ ಹೊತ್ತು ಕಾದೆ. ಅವನು ಎದುರು ಮನೆಯ ನೀರಿನ ಟ್ಯಾಂಕನ್ನು ನೋಡುತ್ತಿದ್ದ.

ಅವರನ್ನು ಬಸ್ಸಿಗೆ ಹತ್ತಿಸಿ ಬಂದ ಅಣ್ಣನಿಗೆ ನನಗೆ ಈ ಸಂಬಂಧ ಬೇಡವೆಂದೆ. ಅವನು ನಂಬಲಿಲ್ಲ. ಮೊದಲು ನಕ್ಕ, ಆಮೇಲೆ ದನಿ ಏರಿಸಿದ. "ಜಡೆ ಮುಟ್ಟಿ ನೋಡಿದ್ದಕ್ಕೆ ಯಾರಾರ ಸಂಬಂಧ ಬಿಡ್ತಾರೇನಲೇ? ಹೆಣ್ಣು ನೋಡಾಕ ಬಂದೋರು ನೋಡ್ದೆ ಹೋಗ್ತಾರೇನು?" ಜಗ್ಗಿದ ನೋವು ಒಂದು ನಿಮಿಷದ್ದು, ಅದನ್ನು ನಾನು ನೋವೆಂದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಗ ಆ ತಾಯಿಯ ಜೊತೆ ಅಣ್ಣನೂ ನಕ್ಕದ್ದನ್ನು ಅವನಿಗೇ ಹೇಗೆ ಹೇಳುವುದು? "ಇನ್ ನಿನ್ನ ಹಾದಿ ನಿಂದು," ಎಂದು ಹೇಳಿ ಅಣ್ಣ ಊಟಕ್ಕೂ ನಿಲ್ಲದೆ ಹೊರಟುಹೋದ.

ಆ ಮೇಲಿನ ತಿಂಗಳುಗಳು ನನ್ನ ಬದುಕಿನಲ್ಲೇ ಉದ್ದವಾದವು. ಊರಿನಿಂದ ಕಾಗದ ನಿಂತಿತು. ಹಬ್ಬಗಳಿಗೆ ಕರೆ ನಿಂತಿತು. ನಾನು ಮಾತ್ರ ಶನಿವಾರದ ಎಣ್ಣೆ ಬಿಡಲಿಲ್ಲ. ಏಕೆ ಬಿಡಲಿಲ್ಲವೆಂದು ಈಗ ಕೇಳಿದರೆ, ವಾರದಲ್ಲಿ ನನಗೆ ಮಾಡಲೇಬೇಕೆಂದಿದ್ದ ಕೆಲಸ ಅದೊಂದೇ. ಅದನ್ನೂ ಬಿಟ್ಟಿದ್ದರೆ ಶನಿವಾರಕ್ಕೂ ಬುಧವಾರಕ್ಕೂ ವ್ಯತ್ಯಾಸ ಇರುತ್ತಿರಲಿಲ್ಲ.

ದೀಪಾವಳಿ ಬಂತು. ನರಕ ಚತುರ್ದಶಿಯ ಬೆಳಗಿನ ಜಾವ ಕೆಳಗಡೆ ಹಂಡೆ ಉಜ್ಜುವ ಸದ್ದು, ಬೀದಿಯಲ್ಲಿ ಒಂದೊಂದು ಪಟಾಕಿ. ನಾನು ಎದ್ದೇಳದೆ ಮಲಗಿದ್ದೆ. ಆ ದಿನ ತನಗೆ ತಾನೇ ಎಣ್ಣೆ ಇಟ್ಟುಕೊಳ್ಳುವ ಮನಸ್ಸು ಯಾರಿಗೂ ಬರಲಾರದು. ಬಾಗಿಲು ಬಡಿದ ಸದ್ದಾಯಿತು. ಓನರಮ್ಮ ನಿಂತಿದ್ದರು. ಒಂದು ಕೈಯಲ್ಲಿ ಬಿಸಿ ಎಣ್ಣೆಯ ಬಟ್ಟಲು, ಇನ್ನೊಂದರಲ್ಲಿ ಮಣೆ. ಅವರ ಸೀರೆ ಮಡಿಯಾಗಿತ್ತು, ಮುಖ ತೊಳೆದು ಅರಿಶಿನ ಹಚ್ಚಿದ್ದರು. ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು ಹೇಳಿದರು:

"ನೆನ್ನೆಯಿಂದ ಬರೀ ಅನ್ನ ತಿಳಿಸಾರು ತಿಂದಿರೋದು. ಮನೇಲಿ ಏನೂ ಮಾಡಿಲ್ಲ. ಸ್ನಾನಾನೂ ಆಗೈತೆ. ಹಚ್ಲಾ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಮೂರು ವರ್ಷ ಅವರು ಮೆಟ್ಟಿಲ ಮೇಲೆ ಕೂತದ್ದು ಅದಕ್ಕೆ. ಅವರದು ಮಾಂಸದಡುಗೆಯ ಮನೆ. ವಿಭೂತಿ ಹಚ್ಚುವ ಹುಡುಗಿಯ ತಲೆಗೆ ಆ ಕೈ ಆಗದು ಎಂದು ಅವರಾಗಿಯೇ ತೀರ್ಮಾನಿಸಿಕೊಂಡಿದ್ದರು.

"ಅಮ್ಮ, ನಾನು ಯಾವತ್ತಾದ್ರೂ ಬೇಡ ಅಂದಿದ್ನಾ?"

"ಹೂಂ ಅಂತಾನೂ ಅಂದಿರ್ಲಿಲ್ವಲ್ಲಮ್ಮ."

ಅದು ನಿಜ. ಬಂದ ಹೊಸದರಲ್ಲಿ ಅವರು ಕೊಟ್ಟ ನೀರನ್ನು ಕುಡಿಯದೆ ನಾನು ಹಾಗೇ ಇಟ್ಟಿದ್ದೆ. ಅವರು ಅದನ್ನು ನೋಡಿದ್ದರು. ನಾನು ಮರೆತಿದ್ದೆ, ಅವರು ಮರೆತಿರಲಿಲ್ಲ. ನನ್ನ ಒಂಟಿತನವನ್ನೆಲ್ಲ ಬೇರೆಯವರು ನನ್ನ ಮೇಲೆ ಹೇರಿದ್ದೆಂದುಕೊಂಡಿದ್ದೆ. ಅದರಲ್ಲಿ ನಾನೇ ಕಟ್ಟಿಕೊಂಡ ಒಂದು ಗೋಡೆಯೂ ಇತ್ತು.

ಮಣೆ ಇಸಿದುಕೊಂಡು ನಾನೇ ಒಳಗೆ ಹಾಕಿ ಕೂತೆ. ಅವರ ಕೈ ಒರಟಾಗಿತ್ತು, ಭಾರವಾಗಿತ್ತು. ನೆತ್ತಿಯ ಮೇಲೆ ಎಣ್ಣೆ ಸುರಿದು ಅಂಗೈಯಿಂದ ತಟ್ಟಿದರು, ಆಮೇಲೆ ಬೆರಳುಗಳನ್ನು ಬುಡಕ್ಕೆ ಇಳಿಸಿದರು. ಮುಂದೆ ಎಲ್ಲಿಗೆ ಹೋಗುತ್ತವೆಂದು ನನಗೆ ಗೊತ್ತಿರಲಿಲ್ಲ. ನಾನು ಅತ್ತೆ, ಸದ್ದು ಮಾಡಿಕೊಂಡೇ ಅತ್ತೆ. ಅವರು "ಕತ್ತು ಸಡಿಲ ಬಿಡು," ಎಂದರಷ್ಟೇ.

ಅಲ್ಲಿಂದ ಶನಿವಾರದ ಸಂಜೆಗಳು ಅವರವಾದವು. ಮಾಂಸದ ದಿನವಾದರೂ ಬನ್ನಿ ಎಂದು ನಾನೇ ಕೂಗಿ ಕರೆಯುತ್ತಿದ್ದೆ. ಬರುತ್ತಿದ್ದರು, ಆದರೆ ಕೈಯನ್ನು ಮೂರು ಸಲ ಸೋಪು ಹಚ್ಚಿ ತೊಳೆದುಕೊಂಡು ಬರುತ್ತಿದ್ದರು.

ಮರುವರ್ಷ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ತಿಂಗಳು ಬಗ್ಗಬಾರದು, ತಲೆಗೆ ನೀರು ಹಾಕಬಾರದು ಎಂದಿದ್ದರು. ತಲೆಯಾದರೂ ಬಾಚುತ್ತೇನೆಂದು ನಾನು ಹೋದೆ. ಅವರು ಬೇಡವೆಂದರು. "ನಂದೇನು, ನಾನೇ ಕಟ್ಕೋತೀನಿ ಬಿಡು," ಎಂದು ತುರುಬಿಗೆ ಕೈ ಅಡ್ಡ ಇಟ್ಟರು. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಹುಡುಕಾಡುವವರನ್ನು ಹಾಗೇ ಬಿಡಲಾದೀತೇ? ನಾನು ಹಿಂದೆ ಕೂತು ಪಿನ್ನು ತೆಗೆದೆ. ತುರುಬು ಇಡಿಯಾಗಿ ನನ್ನ ಕೈಗೆ ಬಂತು.

ಅವರ ತಲೆಯ ಮೇಲೆ ಉಳಿದದ್ದು ಕಿರುಬೆರಳಿನಷ್ಟು ತೆಳ್ಳಗಿನ ಬಿಳಿ ಜುಟ್ಟು.

ಅವರು ಜುಟ್ಟನ್ನು ಅಂಗೈಯಿಂದ ಮುಚ್ಚಿಕೊಂಡರು. ಆಮೇಲೆ ಅವರು, "ಕದ್ದಿದ್ದಲ್ಲ ಕಣೇ. ಕೊಂಡಿದ್ದೂ ಅಲ್ಲ. ಎಲ್ಲಾ ನಂದೇ ಕೂದ್ಲು. ಮದ್ವೆಯಾಗಿ ಬಂದಾಗ್ನಿಂದ ಬಾಚಣಿಗೇಲಿ ಬಂದಿದ್ದನ್ನ ಒಂದೊಂದೇ ಎತ್ತಿಟ್ಟು ಕಟ್ಸಿದ್ದು," ಎಂದರು. ನನ್ನ ಕೈಯಲ್ಲಿದ್ದ ಗಂಟನ್ನು ಬೆಳಕಿಗೆ ಹಿಡಿದೆ. ಮಧ್ಯದಲ್ಲಿ ಅಚ್ಚ ಕಪ್ಪು, ಹೊರಗೆ ಹೊರಗೆ ಬಂದಂತೆ ಬೂದು.

"ಮತ್ತೆ ಗರುಗದ ಎಣ್ಣೆ, ಮೆಂತ್ಯ ಅಂತೆಲ್ಲ ನಂಗೆ ಹೇಳಿದ್ರಿ?"

"ನಿಂಗೆ ಬಂತಲ್ಲ!" ಎಂದು ಅವರು ನಕ್ಕರು. ನಗಬಾರದು, ಕಣ್ಣಿಗೆ ತೊಂದರೆಯಾಗುತ್ತದೆ ಎಂದು ನಾನು ಹೇಳುತ್ತಲೇ ಇದ್ದೆ, ನನಗೂ ನಗು ತಡೆಯಲಾಗಲಿಲ್ಲ. ಆ ಊರಿಗೆ ಬಂದ ಮೇಲೆ ನಾನು ಅಷ್ಟು ನಕ್ಕದ್ದು ಅದೊಂದೇ ಸಲ ಎಂದು ಕಾಣುತ್ತದೆ. ಆ ತಿಂಗಳು ದಿನವೂ ಅವರ ತೆಳ್ಳನೆಯ ಜುಟ್ಟಿಗೆ ಚೌರಿ ಸೇರಿಸಿ, ಬೀದಿಯವರು ಅನುಮಾನ ಪಡದ ಹಾಗೆ ತುರುಬು ಕಟ್ಟಿದೆ.

ಆದರೆ ಆ ಮನೆ ಹೆಚ್ಚು ಕಾಲ ಉಳಿಯಲಿಲ್ಲ. ಮೂವರು ಮಕ್ಕಳಲ್ಲಿ ಪಾಲಿನ ಮಾತು ಬಂತು, ಮನೆ ಮಾರಿದರು. ಓನರಮ್ಮ ಹಿರಿಯ ಮಗನ ಜೊತೆ ಕೆಂಗೇರಿಗೆ ಹೋದರು. ನಾನು ಬಸವೇಶ್ವರನಗರದಲ್ಲಿ ಒಂದು ಹಿಂಭಾಗದ ರೂಮು ಹಿಡಿದೆ. ಅಲ್ಲಿ ತಾರಸಿ ಇರಲಿಲ್ಲ. ತಲೆ ಒಣಗಿಸಲು ಗೇಟಿನ ಹತ್ತಿರ ನಿಲ್ಲಬೇಕಾಗಿತ್ತು. ಹೊಸ ಒಡತಿ ಒಳ್ಳೆಯವರೇ, ಎಣ್ಣೆ ಕಾಯಿಸುವ ವಾಸನೆ ಮಾತ್ರ ಬೇಡವೆಂದರು. ಮೂಡಲಪಾಳ್ಯದ ಬದುಗಳೂ ಅಷ್ಟರಲ್ಲಿ ಸೈಟುಗಳಾಗತೊಡಗಿದ್ದವು. ನಾನು ಬರೀ ಕೊಬ್ಬರಿ ಎಣ್ಣೆಗೆ ಇಳಿದೆ.

ಅಣ್ಣ ಎರಡು ವರ್ಷದ ಮೇಲೆ ಒಂದು ಕಾರ್ಡು ಬರೆದ. ಅವನ ಮಗಳ ನಾಮಕರಣಕ್ಕೆ ಹೋಗಿ ಬಂದೆ. ಮಾತಾಡಿದೆವು, ಹಳೆಯ ಮಾತು ಆಡಲಿಲ್ಲ. ಮೇಷ್ಟ್ರಿಗೆ ಮದುವೆಯಾಗಿ ಮಗುವೂ ಆಗಿತ್ತು. ನಾನು ಮದುವೆಯಾಗಲಿಲ್ಲ. ಹಟದಿಂದಲ್ಲ. ಮುಂದೆ ಬಂದ ಒಂದೆರಡು ಮಾತುಗಳು ಯಾಕೋ ಮುಂದುವರಿಯಲಿಲ್ಲ, ನಾನೂ ಅವುಗಳ ಬೆನ್ನು ಹತ್ತಲಿಲ್ಲ.

ಕೆಂಗೇರಿಗೆ ತಿಂಗಳಿಗೊಂದು ಭಾನುವಾರ ಹೋಗುತ್ತಿದ್ದೆ. ಬೆಳಿಗ್ಗೆ ಟೀವಿ ಧಾರಾವಾಹಿಯ ಹೊತ್ತಿಗೆ ಬೀದಿಗಳೆಲ್ಲ ಖಾಲಿ, ಬಸ್ಸೂ ಖಾಲಿ. ನಾಯಂಡಹಳ್ಳಿ ದಾಟಿದರೆ ಗಾಳಿ ತಣ್ಣಗಾಗುತ್ತಿತ್ತು. ಅವರು ಬಾಗಿಲಲ್ಲೇ ಕೂತಿರುತ್ತಿದ್ದರು. "ಬಾ, ತಿರುಗು," ಎಂದು ಮೊದಲು ನನ್ನ ಜಡೆ ನೋಡುತ್ತಿದ್ದರು. ಆಮೇಲೆ ಕೆಲಸ ಹೆಚ್ಚಾಯಿತು, ಭಾನುವಾರವೂ ಕಾರ್ಖಾನೆಗೆ ಕರೆಯತೊಡಗಿದರು. ಎರಡು ತಿಂಗಳು ಹೋಗಲಾಗಲಿಲ್ಲ.

ಮೂರನೆಯ ತಿಂಗಳು ಹೋದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಓನರಮ್ಮ ತೀರಿಕೊಂಡು ಹದಿನೈದು ದಿನವಾಗಿತ್ತು, ಕಾರ್ಯವೂ ಮುಗಿದಿತ್ತು. ನನಗೆ ತಿಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ನನ್ನ ವಿಳಾಸ ಯಾರ ಹತ್ತಿರವೂ ಇರಲಿಲ್ಲ. ಸೊಸೆ ಕೂರಿಸಿ ಕಾಫಿ ಕೊಟ್ಟಳು. ಪಕ್ಕದಲ್ಲಿ ಕೂತಿದ್ದ ಅವಳ ತಾಯಿ, "ನೀವು ಅವ್ರಿಗೆ ಏನಾಗ್ಬೇಕು?" ಎಂದು ಕೇಳಿದರು.

ಕಾಫಿ ಲೋಟ ಕೆಳಗಿಟ್ಟು, "ಅವರ ಮನೇಲಿ ಬಾಡಿಗೆಗೆ ಇದ್ದೆ," ಎಂದೆ.

"ಓ, ಹೌದಾ," ಎಂದು ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತು ಕೂತಿದ್ದು, ಹೇಳಿ ಎದ್ದೆ. ಬಸ್ಸು ಸ್ಟಾಪಿನವರೆಗೆ ಬಿಸಿಲಿತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಡೆದೆ.